ಸಂಡೂರು ನನ್ನ ಲಿಸ್ಟ್‌ನಲ್ಲೇ ಇರ್ಲಿಲ್ಲ

ಬಿಕಾಂ ಹುಡುಗನ ಕೋಡಿಂಗ್ ಡೈರಿ | ಭಾಗ 4

ಈ ಫೋಟೋದಲ್ಲಿ, ಹಂಪಿಯ ಕಲ್ಲಿನ ರಥದ ಮುಂದೆ, ನಾವು 43 ಜನ ಇದೀವಿ. ದುಡ್ಡು ಕಟ್ಟಿದ್ದು 46 ಜನ. ಉಳಿದ ಮೂವರು ಎಲ್ಲಿ ಅಂತ ತುಂಬಾ ಜನ ಕೇಳಿದ್ರಿ. ಇವತ್ತು ಹೇಳ್ತೀನಿ. ತಪ್ಪು ನಂದೇ.

ಟ್ರಿಪ್‌ಗೆ ಹೆಸರು ಕೊಡೋಕೆ ನಾನೇ ಒಂದು ವೆಬ್ ಫಾರ್ಮ್ ಮಾಡಿದ್ದೆ. ಹೆಸರು, ಫೋನ್, ಗಾಡಿ ಹತ್ತೋ ಊರು. ಊರಿನ ಲಿಸ್ಟ್‌ನಲ್ಲಿ ಹೊಸಪೇಟೆ, ಕಂಪ್ಲಿ ಇಟ್ಟೆ. ಉಳಿದವರಿಗೆ 'ಬೇರೆ ಊರು'. ಅದನ್ನ ಒತ್ತಿದ್ರೆ ಊರಿನ ಹೆಸರು ಟೈಪ್ ಮಾಡೋಕೆ ಒಂದು ಬಾಕ್ಸ್ ಬರುತ್ತೆ.

ಹತ್ತು ಸಲ ಟೆಸ್ಟ್ ಮಾಡಿದೆ. ಹತ್ತೂ ಸಲ ಹೊಸಪೇಟೆ ಅಂತಲೇ ಕೊಟ್ಟೆ. ನಮ್ಮೂರು ಅದೇ ತಾನೇ!

ಡೇಟಾಬೇಸ್‌ನಲ್ಲಿ 46 ಸಾಲು ಬಂತು. ದುಡ್ಡೂ ಸರಿ ಹೋಯ್ತು. ಹೊಸಪೇಟೆಯವರನ್ನ, ಕಂಪ್ಲಿಯವರನ್ನ ಫಿಲ್ಟರ್ ಮಾಡಿ, ಇಬ್ಬರು ಡ್ರೈವರ್‌ಗೂ ಲಿಸ್ಟ್ ಕಳ್ಸಿ ಆರಾಮಾಗಿ ಮಲ್ಕೊಂಡೆ.

ಸಂಡೂರಿನ ಮೂವರು ಹುಡುಗೀರು ಬೆಳಗ್ಗೆ ಆರಕ್ಕೇ ಬಸ್ ಸ್ಟ್ಯಾಂಡ್‌ನಲ್ಲಿ ನಿಂತಿದ್ರು. ಎಂಟರ ತನಕ ಕಾದು ಮನೆಗೆ ವಾಪಸ್ ಹೋದ್ರು. ನನ್ನ ಫೋನ್ ಸೈಲೆಂಟ್‌ನಲ್ಲಿತ್ತು. ಸಂಜೆ ಒಬ್ಬಳು ಹೇಳಿದ್ದು ಇಷ್ಟೇ: "ಒಂದು ವಾರ ಅತ್ತು ನಮ್ಮಪ್ಪನ್ನ ಒಪ್ಸಿದ್ದೆ ನೋಡು. ಇನ್ನ ಯಾವ ಟ್ರಿಪ್ಪಿಗೂ ಕಳ್ಸಲ್ಲ ಅಂದಾನ."

ಆ ರಾತ್ರಿ ಟೇಬಲ್ ತೆಗೆದು ನೋಡಿದ್ರೆ ಮೂವರ ಹೆಸರು ಇತ್ತು, ಫೋನ್ ಇತ್ತು, ಊರು ಖಾಲಿ. ನಿಮ್ಮ ಪ್ರಾಜೆಕ್ಟ್‌ನಲ್ಲೂ ಹಿಂಗಾದ್ರೆ ಈ ದಾರೀಲಿ ಹುಡುಕಿ:

1. ಬ್ರೌಸರ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ನಲ್ಲಿ ಪೇಲೋಡ್ ನೋಡಿ. ಟೈಪ್ ಮಾಡಿದ್ದು ಅಲ್ಲೇ ಇಲ್ಲ ಅಂದ್ರೆ ತಪ್ಪು ಫಾರ್ಮ್‌ದು. ನಂದು ಇಲ್ಲೇ ಸಿಕ್ತು. ಆ ಬಾಕ್ಸ್‌ಗೆ ಐಡಿ ಕೊಟ್ಟಿದ್ದೆ, ನೇಮ್ ಕೊಟ್ಟಿರ್ಲಿಲ್ಲ. ನೇಮ್ ಇಲ್ಲದ ಬಾಕ್ಸ್‌ನಲ್ಲಿ ಬರೆದದ್ದನ್ನ ಬ್ರೌಸರ್ ಕಳ್ಸೋದೇ ಇಲ್ಲ. ಡಿಸೇಬಲ್ ಮಾಡಿದ ಬಾಕ್ಸ್‌ದೂ ಅಷ್ಟೇ.

2. ಪೇಲೋಡ್‌ನಲ್ಲಿ ಇದ್ರೆ, ಪಿಎಚ್‌ಪಿಗೆ ಏನು ಬಂತು ಅಂತ ಪ್ರಿಂಟ್ ಮಾಡಿ. ನೇಮ್‌ನ ಸ್ಪೆಲ್ಲಿಂಗ್, ದೊಡ್ಡಕ್ಷರ, ಸಣ್ಣಕ್ಷರ ಎರಡೂ ಕಡೆ ಒಂದೇ ಇರ್ಬೇಕು. 'ಬರದಿದ್ರೆ ಖಾಲಿ ಅಂತ ತಗೋ' ಅಂತ ನಾನೇ ಕೋಡ್‌ನಲ್ಲಿ ಬರೆದಿದ್ದೆ. ಅದಕ್ಕೇ ಒಂದು ವಾರ್ನಿಂಗೂ ಬರ್ಲಿಲ್ಲ.

3. ಕೊನೆಗೆ ಟೇಬಲ್. ನಾಟ್ ನಲ್ ಹಾಕಿದೀನಲ್ಲ, ಖಾಲಿ ಸೇವ್ ಆಗಲ್ಲ ಅಂದ್ಕೊಂಡಿದ್ದೆ. ಮೈಎಸ್‌ಕ್ಯುಎಲ್‌ಗೆ ನಲ್ ಬೇರೆ, ಖಾಲಿ ಸ್ಟ್ರಿಂಗ್ ಬೇರೆ. ಖಾಲಿ ಸ್ಟ್ರಿಂಗ್ ಬಂದ್ರೆ ಸುಮ್ಮನೆ ಒಳಗೆ ಬಿಡುತ್ತೆ. ಸೇವ್ ಮಾಡೋ ಮುಂಚೆ ನಾವೇ ತಡೀಬೇಕು.

ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ್ರೂ ಲೆಕ್ಕದಲ್ಲಿ ತಪ್ಪಿರಬಹುದು ಅಂತ ನಮಗೆ ಕ್ಲಾಸಲ್ಲೇ ಹೇಳ್ಕೊಡ್ತಾರೆ. ಅದನ್ನೇ ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡಿದೀನಿ. 46 ಟ್ಯಾಲಿ ಆದಾಗ ಮಾತ್ರ ನೆನಪಾಗ್ಲಿಲ್ಲ. ಒಂದೇ ಒಂದು ಸಲ 'ಸಂಡೂರು' ಅಂತ ಟೈಪ್ ಮಾಡಿ ನೋಡಿದ್ರೆ ಸಾಕಿತ್ತು.

ದುಡ್ಡು ವಾಪಸ್ ಕೊಟ್ಟಾಗಿದೆ. ಈ ಭಾನುವಾರ ಸಂಡೂರಿಗೆ ಹೋಗ್ತಿದೀನಿ. ಹುಡುಗೀರದು ಏನೂ ತಪ್ಪಿಲ್ಲ, ಫಾರ್ಮ್ ಮಾಡಿದವನು ನಾನು ಅಂತ ಅವರ ಅಪ್ಪಂದಿರ ಮುಂದೆ ಹೇಳ್ಬೇಕು. ಏನಂತಾರೋ, ಭಾಗ 5ರಲ್ಲಿ ಬರೀತೀನಿ.

#ಬಿಕಾಂ_ಕೋಡಿಂಗ್ #ಹೊಸಪೇಟೆ #ಸಂಡೂರು