ಆಲ್ಬಟ್ರಾಸ್ ಊರಿನ 1037 ಮಕ್ಕಳು

ಡ್ಯುನೆಡಿನ್ ಎಲ್ಲಿದೆ ಎಂದು ನಕ್ಷೆಯಲ್ಲಿ ಹುಡುಕಿದರೆ ಬೆರಳು ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಕೆಳತುದಿಗೆ ಬಂದು ನಿಲ್ಲುತ್ತದೆ. ಆಚೆಗೆ ಇನ್ನೊಂದಿಷ್ಟು ನೆಲ, ಆಮೇಲೆ ಬರೀ ನೀರು, ಆಮೇಲೆ ಅಂಟಾರ್ಕ್ಟಿಕಾ. ಡ್ಯುನೆಡಿನ್‌ನಲ್ಲಿ ಮನಶ್ಶಾಸ್ತ್ರ ಓದುತ್ತಿರುವ ತಂಗಿಯ ಮಗಳು ಕರೆದಳೆಂದು ಹೋದೆ. ಕಾರು ಹತ್ತುವಾಗಲೇ "ಮಾಮಾ, ಜರ್ಕಿನ್ ತೆಗೀಬೇಡಿ, ಇಲ್ಲಿನ ಬಿಸಿಲನ್ನ ನಂಬೋ ಹಾಗಿಲ್ಲ" ಎಂದಳು. ಹತ್ತು ನಿಮಿಷಕ್ಕೆ ಮಳೆ ಹೊಯ್ಯಿತು.

ಮೊದಲು ಬಾಲ್ಡ್‌ವಿನ್ ಸ್ಟ್ರೀಟ್ ಹತ್ತಿಸಿದಳು. ಮನೆಗಳು ನೇರವಾಗಿ ನಿಂತಿವೆ, ರಸ್ತೆಯೊಂದು ಎದ್ದು ಆಕಾಶಕ್ಕೆ ಹೊರಟಿದೆ. ಪ್ರಪಂಚದ ಅತಿ ಕಡಿದಾದ ಬೀದಿ ಎಂಬ ಗಿನ್ನೆಸ್ ಪಟ್ಟ 2019ರಲ್ಲಿ ವೇಲ್ಸಿನ ಬೀದಿಯೊಂದರ ಪಾಲಾಗಿತ್ತು. ಇಲ್ಲಿನವರು ಸುಮ್ಮನಿರಲಿಲ್ಲ, ಅಳೆದ ಕ್ರಮವೇ ಸರಿಯಿಲ್ಲ ಎಂದು ವಾದ ಹೂಡಿ ಮರುವರ್ಷ ಪಟ್ಟ ವಾಪಸು ತಂದರು. ಅಳತೆಯ ವಿಷಯಕ್ಕೆ ಬಂದರೆ ಈ ಊರಿನವರು ಬಿಡುವವರಲ್ಲ ಎಂದು ಏದುಸಿರು ಬಿಡುತ್ತಲೇ ಅಂದುಕೊಂಡೆ. ಎಷ್ಟರಮಟ್ಟಿಗೆ ಬಿಡುವವರಲ್ಲ ಎಂದು ತಿಳಿದದ್ದು ಒಟಾಗೊ ವಿಶ್ವವಿದ್ಯಾಲಯದ ಹತ್ತಿರ, ಯಾವ ಪ್ರವಾಸಿಯೂ ಫೋಟೊ ತೆಗೆಯದ ಒಂದು ಕಟ್ಟಡದ ಮುಂದೆ.

1972ರ ಏಪ್ರಿಲ್‌ನಿಂದ 1973ರ ಮಾರ್ಚ್‌ವರೆಗೆ ಈ ಊರಿನ ಕ್ವೀನ್ ಮೇರಿ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ 1037 ಮಕ್ಕಳನ್ನು, ಅವರಿಗೆ ಮೂರು ವರ್ಷವಾದಾಗಿನಿಂದ ಇಂದಿನವರೆಗೂ ಈ ಕಟ್ಟಡದ ಸಂಶೋಧಕರು ಅಳೆಯುತ್ತಾ ಬಂದಿದ್ದಾರೆ. ಹಲ್ಲು, ಶ್ವಾಸಕೋಶ, ಸಾಲ, ಸಂಸಾರ, ಸಿಟ್ಟು, ನೆನಪು, ಏನನ್ನೂ ಬಿಟ್ಟಿಲ್ಲ. ದೊಡ್ಡವರಾಗಿ ಆಸ್ಟ್ರೇಲಿಯಾ, ಇಂಗ್ಲೆಂಡ್ ಸೇರಿದವರಿಗೂ ವಿಮಾನದ ಟಿಕೆಟ್ ಕೊಟ್ಟು ಕರೆಸಿಕೊಳ್ಳುತ್ತಾರೆ. ನಲವತ್ತೈದನೇ ವಯಸ್ಸಿನ ತಪಾಸಣೆಯ ಹೊತ್ತಿಗೆ ಬದುಕಿದ್ದವರು 997 ಜನ, ಬಂದವರು 938! ನಮ್ಮ ಹೈಸ್ಕೂಲ್ ಬ್ಯಾಚಿನವರನ್ನು ಒಂದು ಮದುವೆಗೆ ಒಟ್ಟುಗೂಡಿಸಲು ಒದ್ದಾಡುವ ನನಗೆ ಈ ಲೆಕ್ಕ ಕೇಳಿ ಬಾಯಿ ಕಟ್ಟಿತು.

ಗಾಂಜಾ ಸೇದಿದರೆ ಬುದ್ಧಿ ಮಂಕಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಈ ಊರು ಒದಗಿದ್ದು ಹೀಗೆ ಅಳೆಯುತ್ತಾ ಬಂದದ್ದರಿಂದಲೇ. ಸೇದುವವರ ನೆನಪು ಮಂಕು ಎಂದು ಯಾರು ಬೇಕಾದರೂ ಹೇಳಬಹುದು. ಮೊದಲೇ ಮಂಕಾಗಿತ್ತೋ, ಸೇದಿದ ಮೇಲೆ ಆಯಿತೋ? ಅದು ಗೊತ್ತಾಗಬೇಕಾದರೆ ಸೇದುವ ಮೊದಲಿನ ಲೆಕ್ಕ ಕೈಯಲ್ಲಿರಬೇಕು. ಇವರಲ್ಲಿ ಇತ್ತು. ಬಾಲ್ಯದ ಐಕ್ಯೂ, ಮೂವತ್ತೆಂಟನೇ ವಯಸ್ಸಿನ ಐಕ್ಯೂ ಎರಡನ್ನೂ ಪಕ್ಕಪಕ್ಕ ಇಟ್ಟು ಮ್ಯಾಡಲಿನ್ ಮೀಯರ್ ಮತ್ತು ಸಂಗಡಿಗರು 2012ರಲ್ಲಿ ಪ್ರಬಂಧ ಪ್ರಕಟಿಸಿದರು. ಹದಿಹರೆಯದಲ್ಲೇ ಗಾಂಜಾ ಚಟಕ್ಕೆ ಬಿದ್ದು ವರ್ಷಗಟ್ಟಲೆ ಬಿಡದವರು ಸರಾಸರಿ ಎಂಟು ಅಂಕ ಕಳೆದುಕೊಂಡಿದ್ದರು. ನೂರು ಜನರ ಸಾಲಿನಲ್ಲಿ ನಡುಮಧ್ಯ ನಿಂತವನು ಎಂಟು ಅಂಕ ಇಳಿದರೆ ಅವನಿಗಿಂತ ಹಿಂದೆ ಉಳಿಯುವವರು ಇಪ್ಪತ್ತೊಂಬತ್ತೇ ಮಂದಿ. ದೊಡ್ಡವರಾದ ಮೇಲೆ ಶುರುಮಾಡಿದವರಲ್ಲಿ ಇಂಥ ಕುಸಿತ ಕಾಣಲಿಲ್ಲ. ಚಿಕ್ಕವರಿದ್ದಾಗ ಶುರುಮಾಡಿ ಆಮೇಲೆ ಬಿಟ್ಟವರಿಗೆ ಕಳೆದದ್ದೆಲ್ಲ ವಾಪಸು ಬರಲೂ ಇಲ್ಲ. ವರ್ಷಗಟ್ಟಲೆ ಸೇದಿದವರನ್ನು ಚೆನ್ನಾಗಿ ಬಲ್ಲ ಸ್ನೇಹಿತರು, ನೆಂಟರನ್ನು ಕೇಳಿದಾಗ ಅವರೂ ಮರೆವು, ಗಮನ ನಿಲ್ಲದಿರುವುದನ್ನೇ ಹೇಳಿದರು.

ಮಾರನೆಯ ದಿನ ಆಲ್ಬಟ್ರಾಸ್ ಹಕ್ಕಿಗಳ ಗುಡ್ಡ ಟೈರೋವಾ ಹೆಡ್‌ಗೆ ಹೊರಟೆವು. ಕೊಲ್ಲಿಯ ನೀರಿಗೆ ಅಂಟಿಕೊಂಡ ಕಿರಿದಾದ ರಸ್ತೆ. ಕಾರು ಓಡಿಸುತ್ತಲೇ ಅವಳು "ಮಾಮಾ, ಪರೀಕ್ಷೆ" ಎಂದು ಹದಿನೈದು ಪದ ಹೇಳಿದಳು: ಕೊಡ, ಹುಣಸೆ, ಕಿಟಕಿ, ಪೊರಕೆ, ದೋಣಿ, ಹೀಗೆ. ನಾನು ಒಪ್ಪಿಸಿದೆ. ಮತ್ತೆ ಅದೇ ಪಟ್ಟಿ, ಮತ್ತೆ ಒಪ್ಪಿಸುವುದು, ಹೀಗೆ ಐದು ಸಲ. ನಡುವೆ ಬೇರೆಯದೇ ಪಟ್ಟಿ ತೂರಿಸಿ ದಾರಿ ತಪ್ಪಿಸಿದಳು. ಅರ್ಧ ಗಂಟೆಯ ನಂತರ, ಕೊಲ್ಲಿಯಲ್ಲಿ ಈಜುವ ಕಪ್ಪುಹಂಸಗಳಲ್ಲಿ ನಾನು ಮೈಮರೆತಿದ್ದಾಗ, "ಈಗ ಮೊದಲನೇ ಪಟ್ಟಿ" ಎಂದಳು. ಪೊರಕೆ ಬಂತು, ಹುಣಸೆ ಬಂತು, ದೋಣಿ ಕೈಕೊಟ್ಟಿತು, ಕಣ್ಣೆದುರಿಗೇ ದೋಣಿಗಳಿದ್ದರೂ!

ಸಂಶೋಧಕರು ಬಳಸಿದ ಪರೀಕ್ಷೆಗಳಲ್ಲಿ ಇಂಥದ್ದೂ ಒಂದು. ಅಮಲು ಹೊಡೆಯುವುದೂ ಸರಿಯಾಗಿ ಇಂಥ ಹೊಸ ನೆನಪಿಗೇ. ಗಾಂಜಾದಲ್ಲಿ ಅಮಲೇರಿಸುವ ಅಂಶವಾದ ಟಿಎಚ್‌ಸಿ ಮಿದುಳಿನ ಸ್ವಂತ ರಾಸಾಯನಿಕದ ವೇಷ ಹಾಕಿ ಅದರ ಪೀಠದಲ್ಲೇ ಕೂರುತ್ತದೆ. ಆ ಪೀಠಗಳು ದಟ್ಟವಾಗಿರುವುದು ಹೊಸ ನೆನಪನ್ನು ದಾಖಲಿಸುವ ಹಿಪ್ಪೊಕ್ಯಾಂಪಸ್‌ನಲ್ಲಿ. ಹಾಗಾಗಿ ಅಮಲೇರಿದವನು ಬಾಲ್ಯದ ಕಥೆಯನ್ನು ಚೆನ್ನಾಗಿಯೇ ಹೇಳುತ್ತಾನೆ, ಈಗಷ್ಟೇ ಏನು ಹೇಳಲು ಬಾಯಿ ತೆರೆದೆ ಎಂಬುದನ್ನು ಮರೆಯುತ್ತಾನೆ. ತರಗತಿಯಲ್ಲಿ ಕೂತರೆ ಪಾಠ ಕಿವಿಗೆ ಬೀಳುತ್ತದೆ, ಒಳಗೆ ಉಳಿಯುವುದಿಲ್ಲ.

ಗುಡ್ಡದ ತುದಿಯಲ್ಲಿ ಆಲ್ಬಟ್ರಾಸ್ ಕಂಡಿತು. ಮೂರು ಮೀಟರ್ ಅಗಲದ ರೆಕ್ಕೆ, ಒಂದು ಸಲವೂ ಬಡಿಯದೆ ನಮ್ಮ ತಲೆಯ ಮೇಲೆ ಸಾಗಿತು. ಇಲ್ಲಿ ಹುಟ್ಟಿದ ಮರಿ ಹಾರಲು ಕಲಿತ ಮೇಲೆ ಹಲವು ವರ್ಷ ಕಡಲಿನಲ್ಲೇ ಕಳೆದು, ಮತ್ತೆ ಇದೇ ಗುಡ್ಡಕ್ಕೆ ಬರುತ್ತದೆ. "ನಿಮ್ಮ 1037 ಜನರ ಹಾಗೆ" ಎಂದೆ. "ಇವಕ್ಕೆ ಟಿಕೆಟ್ ಕೊಡಬೇಕಾಗಿಲ್ಲ" ಎಂದಳು.

ಎಂಟು ಅಂಕದ ಲೆಕ್ಕವನ್ನು ಎಲ್ಲರೂ ಒಪ್ಪಿಲ್ಲ. ಕುಸಿತಕ್ಕೆ ಬಡತನವೂ ಕಾರಣವಿರಬಹುದು ಎಂದು ನಾರ್ವೆಯ ಅರ್ಥಶಾಸ್ತ್ರಜ್ಞ ಓಲೆ ರೋಗೆಬರ್ಗ್ 2013ರಲ್ಲಿ ತಕರಾರು ತೆಗೆದರು. ಅಮೆರಿಕದ ಅವಳಿಗಳ ಅಧ್ಯಯನವೊಂದರಲ್ಲಿ ಸೇದಿದವರಿಗೂ ಸೇದದ ಅವರ ಅವಳಿ ಒಡಹುಟ್ಟಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಡ್ಯುನೆಡಿನ್‌ನವರು ಸುಮ್ಮನಾಗದೆ ನಲವತ್ತೈದಕ್ಕೆ ಮತ್ತೆ ಅಳೆದರು. ದೀರ್ಘಕಾಲ ಸೇದಿದವರಲ್ಲಿ ಐದೂವರೆ ಅಂಕ ಇಳಿದಿತ್ತು, ಹಿಪ್ಪೊಕ್ಯಾಂಪಸ್ ಕೂಡ ಚಿಕ್ಕದಿತ್ತು. ಆದರೆ ಅದು ಚಿಕ್ಕದಾದದ್ದೇ ಅಂಕ ಇಳಿಯಲು ಕಾರಣ ಎಂದು ತೋರಿಸಲು ಆಗಲಿಲ್ಲ, ಅದನ್ನೂ ಅವರೇ ಬರೆದರು. ನನಗೆ ಈ ಊರು ಹಿಡಿಸಿದ್ದು ಇದಕ್ಕೇ.

ಹೈಸ್ಕೂಲು, ಪಿಯುಸಿ ಮಕ್ಕಳಿರುವ ಮನೆಯವರಿಗೆ ನನ್ನದೊಂದು ಮಾತು. ಒಂದು ದಮ್ಮಿಗೇ ಮಿದುಳು ಹಾಳಾಗುತ್ತದೆ ಎಂದು ಹೆದರಿಸಬೇಡಿ. ಅದು ಸುಳ್ಳು, ಮಕ್ಕಳಿಗೂ ಗೊತ್ತು. ಈ ಊರಿನ ಲೆಕ್ಕವನ್ನು ಇದ್ದದ್ದು ಇದ್ದ ಹಾಗೆ, ತಕರಾರನ್ನೂ ಸೇರಿಸಿ ಹೇಳಿ. ಮಗು ಆಗಲೇ ಸಿಕ್ಕಿಹಾಕಿಕೊಂಡಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.