ಜೆ.ಸಿ. ರಸ್ತೆಯಲ್ಲಿ ಒಂದು ಸ್ವಿಚ್ ಹುಡುಕುತ್ತಾ

ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ನಾಟಕ ನೋಡಿರ್ತೀರಿ. ಅಲ್ಲಿಂದ ಅದೇ ಜೆ.ಸಿ. ರಸ್ತೆಯಲ್ಲಿ ಮಿನರ್ವ ಸರ್ಕಲ್ ಕಡೆಗೆ ನಡೆದರೆ ಬೇರೆಯದೇ ಲೋಕ. ಸೀಟ್ ಕವರ್, ಹಾರ್ನ್, ಬಂಪರ್, ಬೇರಿಂಗ್... ಇಡೀ ಕಾರು ಬಿಡಿಬಿಡಿಯಾಗಿ ಅಂಗಡಿಗಳಲ್ಲಿ ನೇತಾಡುತ್ತಿರುತ್ತದೆ.

ನನಗೆ ಬೇಕಿದ್ದದ್ದು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಒಂದು ಸ್ವಿಚ್. ಹಿಂದಿನ ವಾರ ಅಮ್ಮನ ಜೊತೆ ಧರ್ಮಸ್ಥಳಕ್ಕೆ ಹೊರಟಿದ್ದೆ. ಚಾರ್ಮಾಡಿ ಘಾಟಿ ಇಳಿಯುವ ಮುಂಚೆ ಕೊಟ್ಟಿಗೆಹಾರದಲ್ಲಿ ಟೀ ಕುಡಿದು ಬಂದು ಕೀ ತಿರುಗಿಸಿದರೆ ನಮ್ಮ ಹಳೇ ಆಟೋಮ್ಯಾಟಿಕ್ ಕಾರು ಸದ್ದೇ ಮಾಡಲಿಲ್ಲ. ಹೆಡ್‌ಲೈಟ್ ಚೆನ್ನಾಗಿ ಉರೀತಿತ್ತು, ಹಾಗಾಗಿ ಬ್ಯಾಟರಿ ಮೇಲೆ ಅನುಮಾನ ಬರಲಿಲ್ಲ. ಬ್ರೇಕ್ ಒತ್ತಿ, ಗೇರ್ ಲಿವರನ್ನು 'ಪಿ'ಯಿಂದ 'ಎನ್'ಗೆ ತಂದಾಗ ಸ್ಟಾರ್ಟ್ ಆಯ್ತು. ರಿವರ್ಸ್ ಲೈಟ್ ಮಾತ್ರ ಉರಿಯಲಿಲ್ಲ.

"ನ್ಯೂಟ್ರಲ್ ಸೇಫ್ಟಿ ಸ್ವಿಚ್ ಹೋಗ್ತಾ ಇದೆ ಸರ್. ಒಂದು ವೈರ್ ಹಾಕಿ ಡೈರೆಕ್ಟ್ ಮಾಡಿಬಿಡ್ಲಾ?" ಅಂದರು ಅಲ್ಲಿನ ಮೆಕ್ಯಾನಿಕ್.

ಬೇಡ ಅಂದೆ. ಗೇರ್‌ಬಾಕ್ಸ್‌ಗೆ ಅಂಟಿಕೊಂಡಿರುವ ಈ ಸ್ವಿಚ್ ಗೇರ್ 'ಪಿ' ಅಥವಾ 'ಎನ್'ನಲ್ಲಿದ್ದರೆ ಮಾತ್ರ ಸ್ಟಾರ್ಟರ್‌ಗೆ ಕರೆಂಟ್ ಹೋಗಲು ಬಿಡುತ್ತದೆ. ಅದನ್ನು ತಪ್ಪಿಸಿ ವೈರ್ ಹಾಕಿದರೆ 'ಡಿ'ಯಲ್ಲೂ ಇಂಜಿನ್ ಸ್ಟಾರ್ಟ್ ಆಗಿ ಕಾರು ತಟ್ಟನೆ ಮುಂದಕ್ಕೆ ನುಗ್ಗಬಹುದು. ಆ ಹೊತ್ತಿಗೆ ಬಾನೆಟ್ ಮುಂದೆ ನಿಂತು ಮಂಜು ನೋಡುತ್ತಿದ್ದದ್ದು ನಮ್ಮಮ್ಮ.

ಜೆ.ಸಿ. ರಸ್ತೆಯಲ್ಲಿ ಮೊದಲ ಪ್ರಶ್ನೆ, "ಹಳೇದು ತಂದಿದ್ದೀರಾ?" ಬಿಚ್ಚಿದ ಸ್ವಿಚ್, ಆರ್.ಸಿ. ಎರಡೂ ಕೈಯಲ್ಲಿದ್ದರೆ ಅರ್ಧ ಕೆಲಸ ಆದಂತೆ. ಒಂದೇ ಮಾಡೆಲ್‌ನಲ್ಲೂ ವರ್ಷ, ಗೇರ್‌ಬಾಕ್ಸ್ ಬದಲಾದರೆ ಸ್ವಿಚ್ ಬೇರೆ. ಕೆಲವರು ಇದನ್ನೇ 'ಇನ್ಹಿಬಿಟರ್ ಸ್ವಿಚ್' ಅಂತಾರೆ. ಹಳೇದು, ಹೊಸದು ಪಕ್ಕಪಕ್ಕ ಇಟ್ಟು ಕನೆಕ್ಟರ್‌ನ ಪಿನ್ ಎಣಿಸಿ, ಬಿಲ್ ತಗೊಳ್ಳಿ. ಪಾರ್ಕಿಂಗ್ ಕಷ್ಟ, ಮೆಟ್ರೊದಲ್ಲಿ ಕೆ.ಆರ್. ಮಾರುಕಟ್ಟೆಗೆ ಬಂದು ನಡೆಯೋದು ವಾಸಿ.

ಕೂರಿಸುವ ಕೆಲಸ ನಮ್ಮ ಏರಿಯಾದ ಗ್ಯಾರೇಜಿನಲ್ಲಿ. ಸಮತಟ್ಟಾದ ಜಾಗ, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆದು, ಲಿವರ್ 'ಎನ್'ನಲ್ಲಿಟ್ಟು, ಸ್ವಿಚ್ಚಿನ ಗುರುತನ್ನು ನೇರಕ್ಕೆ ತಂದು ಎರಡು ಬೋಲ್ಟ್ ಬಿಗಿಮಾಡಿದರು. ಈ ಗುರುತು ಚೂರು ಆಚೀಚೆ ಆದರೂ ಹೊಸ ಸ್ವಿಚ್ ಹಾಕಿ ಉಪಯೋಗ ಇಲ್ಲ.

ಕೊನೆಗೆ ಪರೀಕ್ಷೆ. ಕಾರಿನ ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ಬ್ರೇಕ್ ಗಟ್ಟಿಯಾಗಿ ಒತ್ತಿ ಕೀ ತಿರುಗಿಸಿದೆ. 'ಪಿ'ಯಲ್ಲಿ ಸ್ಟಾರ್ಟ್, 'ಎನ್'ನಲ್ಲಿ ಸ್ಟಾರ್ಟ್. 'ಆರ್', 'ಡಿ' ಎರಡರಲ್ಲೂ ಕಾರು ಗಪ್‌ಚುಪ್. ಕಾರು ಸ್ಟಾರ್ಟ್ ಆಗಲಿಲ್ಲ ಅಂತ ನಾನು ಖುಷಿಪಟ್ಟದ್ದು ಅದೇ ಮೊದಲು.