ಕೊಡೆ ಹಿಡಿದು ಬಚ್ಚಲಿಗೆ

ಕ್ಯೋಟೊದ ಈ ಬೀದಿಯಲ್ಲಿ ಮನೆಗಳು ಮುಖವನ್ನಷ್ಟೇ ಹೊರಗೆ ತೋರಿಸಿ, ಮೈಯನ್ನೆಲ್ಲ ಹಿಂದಕ್ಕೆ ಚಾಚಿಕೊಂಡು ಕೂತಿವೆ. ನಾವು ಇಳಿದುಕೊಂಡಿರುವ ಹಳೆಯ ಮರದ ಮನೆಯ ಮುಂಭಾಗ ಹದಿನೆಂಟು ಅಡಿಯೂ ಇರಲಿಕ್ಕಿಲ್ಲ. ಬೀದಿಯ ಕಡೆಗೆ ಬೆರಳಗಲದ ಮರದ ಪಟ್ಟಿಗಳ ಜಾಲರಿ. ಒಳಗಿನವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗು ಕಾಣದು. ತಲೆ ತಗ್ಗಿಸಿ ಹೊಕ್ಕರೆ, ಒಂದು ಪಕ್ಕದ ಗೋಡೆಗುಂಟ ಗಟ್ಟಿಸಿದ ಮಣ್ಣುನೆಲದ ಓಣಿಯೊಂದು ನೇರ ಹಿತ್ತಿಲವರೆಗೂ ಹೋಗುತ್ತದೆ. ಹಿಂದೆ ಈ ಓಣಿಯಲ್ಲೇ ಅಡುಗೆ. ತಲೆಯೆತ್ತಿ ನೋಡುತ್ತೇನೆ: ಅಲ್ಲಿ ಮಾತ್ರ ಮಾಳಿಗೆಯಿಲ್ಲ, ಸೂರಿನವರೆಗೂ ಖಾಲಿ. ಒಲೆಯ ಹೊಗೆ ಏರಿಹೋಗಲೆಂದು ಬಿಟ್ಟ ಜಾಗ. ತೊಲೆಗಳು ಇಂದಿಗೂ ಕಪ್ಪಗೆ ಮಿರುಗುತ್ತಿವೆ.

ಮುಂದೆ ಅಂಗಡಿ, ಹಿಂದೆ ಸಂಸಾರ, ಕೊನೆಯಲ್ಲಿ ಉಗ್ರಾಣ. ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆಗಳ ಹಳೆಯ ಮನೆಗಳಲ್ಲಿ ಓಡಾಡಿದವರಿಗೆ ಈ ಲೆಕ್ಕ ಹೊಸದೇನಲ್ಲ. ಇಂಥ ಉದ್ದನೆಯ ನಿವೇಶನವನ್ನು ಇಲ್ಲಿ ಹಾವುಮೀನಿನ ಹಾಸಿಗೆ ಎನ್ನುತ್ತಾರೆ. ಬೀದಿಗೆ ಮುಖ ಎಷ್ಟಗಲವೋ ಅಷ್ಟು ತೆರಿಗೆ ಇದ್ದದ್ದರಿಂದ ಹೀಗಾಯಿತು ಎಂದು ಊರವರು ಹೇಳುತ್ತಾರೆ. ನಮ್ಮ ಪೇಟೆ ಮನೆಗಳ ನಡುಮನೆಯಲ್ಲಿ ಹಗಲೂ ದೀಪ ಹಚ್ಚಬೇಕು. ಇಲ್ಲಿ ಮಾತ್ರ ಮನೆಯ ಹೊಟ್ಟೆಯಲ್ಲಿ ಎರಡು ಚಾಪೆ ಹಾಸುವಷ್ಟು ಜಾಗವನ್ನು ಆಕಾಶಕ್ಕೆ ಬಿಟ್ಟಿದ್ದಾರೆ. ಒಂದು ಕಲ್ಲಿನ ದೀಪ, ಒಂದಿಷ್ಟು ಜರಿಗಿಡ, ಪಾಚಿ. ಸಂಜೆಯಾಗುತ್ತಲೇ ಮನೆಯಾಕೆ ಅಲ್ಲಿ ನೀರು ಚಿಮುಕಿಸುತ್ತಾಳೆ. ಹಿತ್ತಿಲ ಅಂಗಳ ಬಿಸಿಲುಂಡು ಕಾದಿದೆ, ನಡುವಿನದು ತಂಪಾಗಿದೆ. ಈ ಎರಡರ ನಡುವೆ ಗಾಳಿ ತಾನಾಗಿ ಹರಿಯತೊಡಗುತ್ತದೆ. ಜೂನ್ ಬಂದರೆ ಕಾಗದದ ಬಾಗಿಲುಗಳನ್ನೆಲ್ಲ ಕಳಚಿ, ಲಾಳದಕಡ್ಡಿಯ ತೆಳುತಟ್ಟಿಗಳನ್ನು ಅದೇ ಚೌಕಟ್ಟಿಗೆ ಕೂರಿಸುತ್ತಾರೆ. ಸೆಕೆ ಮಂಗಳೂರಿನದೇ, ಆದರೂ ಫ್ಯಾನಿನ ನೆನಪಾಗುವುದಿಲ್ಲ.

ನೆನಪಾಗುವುದು ಮೊಣಕಾಲು. ಮೇಲಿನ ಕೋಣೆಗೆ ಹತ್ತುವ ಮೆಟ್ಟಿಲು ಏಣಿಯಷ್ಟೇ ಕಡಿದು. ಒಂದೊಂದು ಮೆಟ್ಟಿಲಿನ ಹೊಟ್ಟೆಯಲ್ಲೂ ಒಂದೊಂದು ಖಾನೆ. ಟವೆಲು ಒಂದರಲ್ಲಿ, ಚಹಾದ ಬಟ್ಟಲು ಇನ್ನೊಂದರಲ್ಲಿ. ಹತ್ತುವಾಗ ಎರಡು ಕೈಯೂ ಬೇಕು, ಇಳಿಯುವಾಗ ಹಿಮ್ಮುಖವಾಗಿಯೇ ಇಳಿಯಬೇಕು. ‘ಅತ್ತೆ, ನಿಧಾನ’ ಎಂದು ಅಣ್ಣನ ಮಗಳು ಕೆಳಗಿನಿಂದ ಕೂಗುತ್ತಾಳೆ. ಅವಳಿಗೆ ಟೋಕಿಯೊದಲ್ಲಿ ಕೆಲಸ. ರಜೆ ಹಾಕಿ ನನ್ನ ಜೊತೆ ಹೊರಟಿದ್ದಾಳೆ.

ಕ್ಯೋಟೊ ಬಿಟ್ಟು ಒಸಾಕಾಗೆ ಬಂದರೆ ಮಳೆ. ಒಂದೇ ಡಬ್ಬಿಯ ಹಳೆಯ ಟ್ರಾಮು ಮನೆಗಳ ಹಿತ್ತಿಲುಗಳನ್ನು ಸವರಿಕೊಂಡು ಸುಮಿಯೋಶಿಗೆ ತಂದುಬಿಡುತ್ತದೆ. ಪ್ರಸಿದ್ಧ ದೇಗುಲವೊಂದು ಇಲ್ಲಿದೆ, ಎಲ್ಲರೂ ಅತ್ತ ನಡೆಯುತ್ತಾರೆ. ನಾವು ಇತ್ತ ಸಣ್ಣ ಬೀದಿಗೆ ತಿರುಗುತ್ತೇವೆ. ವಾಸ್ತುಶಿಲ್ಪಿ ತಡಾವೊ ಆಂಡೊ 1976ರಲ್ಲಿ ಕಟ್ಟಿದ ಮನೆ ಇಲ್ಲಿದೆ. ವಾಸ್ತುಶಿಲ್ಪವನ್ನು ಕಾಲೇಜಿನಲ್ಲಿ ಓದದ, ಈ ವೃತ್ತಿಗೆ ಬರುವ ಮೊದಲು ಬಾಕ್ಸಿಂಗ್ ಆಡುತ್ತಿದ್ದ ಆಂಡೊ ಆಗಿನ್ನೂ ಹೆಸರು ಮಾಡಿರಲಿಲ್ಲ. ಸಾಲಿನಲ್ಲಿ ಮೈಗೆ ಮೈ ತಾಗಿಸಿ ನಿಂತಿದ್ದ ಮೂರು ಮರದ ಮನೆಗಳಲ್ಲಿ ನಡುವಿನದನ್ನು ಕಿತ್ತು, ಆ ಜಾಗದಲ್ಲಿ ಒಂದು ಕಾಂಕ್ರೀಟ್ ಪೆಟ್ಟಿಗೆಯನ್ನು ಇಳಿಸಿದರು.

ಎದುರಿಗೆ ನಿಂತು ನೋಡುತ್ತೇನೆ. ಗೋಡೆಗೆ ಒಂದೇ ಒಂದು ಕಿಟಕಿಯಿಲ್ಲ. ನಡುವೆ ಒಂದು ತೆರಪು, ಅದರೊಳಗೆ ಕತ್ತಲು, ಬಾಗಿಲು ಪಕ್ಕಕ್ಕೆ ತಿರುಗಿ ಎಲ್ಲೋ ಒಳಗಿದೆ. ಗಾರೆಯಿಲ್ಲ, ಬಣ್ಣವಿಲ್ಲ. ಸೆಂಟ್ರಿಂಗ್ ಹಲಗೆಗಳನ್ನು ಬಿಗಿದ ಬೋಲ್ಟುಗಳ ಗುಂಡನೆಯ ಗುರುತುಗಳು ಸಾಲಾಗಿ ಹಾಗೇ ಉಳಿದಿವೆ. ನಮ್ಮಲ್ಲಿ ಇಂಥ ಗುರುತು ಕಂಡರೆ ಮೇಸ್ತ್ರಿಯನ್ನು ಕರೆದು ಬೈಯುತ್ತೇವೆ. ಇಲ್ಲಿ ಅದೇ ಗೋಡೆಯ ಅಲಂಕಾರ. ಹಲಗೆಗಳ ಅಳತೆಯೂ ಇಲ್ಲಿನ ಮನೆಗಳ ನೆಲಚಾಪೆಯದೇ, ಆರಡಿಗೆ ಮೂರಡಿ.

ಮನೆಯಲ್ಲಿ ಜನ ವಾಸವಿರುವುದರಿಂದ ಒಳಗೆ ಹೋಗುವಂತಿಲ್ಲ. ಅಣ್ಣನ ಮಗಳು ಕೊಡೆಯಡಿಯಲ್ಲೇ ಫೋನಿನಲ್ಲಿ ನಕ್ಷೆ ತೆರೆಯುತ್ತಾಳೆ. ಪೆಟ್ಟಿಗೆಯನ್ನು ಉದ್ದಕ್ಕೆ ಸರಿಸಮ ಮೂರು ಪಾಲು ಮಾಡಿದ್ದಾರೆ. ಮುಂದಿನ ಪಾಲಿನಲ್ಲಿ ಹಜಾರ, ಹಿಂದಿನದರಲ್ಲಿ ಅಡುಗೆಮನೆ, ಬಚ್ಚಲು. ಮಹಡಿಯ ಮೇಲೆ ಎರಡು ಮಲಗುವ ಕೋಣೆ. ನಡುವಿನ ಪಾಲಿಗೆ ಸೂರೇ ಇಲ್ಲ, ಪೂರ್ತಿ ಬಯಲು. ಕೋಣೆಯಿಂದ ಕೋಣೆಗೆ ಹೋಗಲು ಬಯಲಿನ ಮೇಲೊಂದು ಸೇತುವೆ, ಇಳಿಯಲು ಬಯಲಿನಲ್ಲೇ ಮೆಟ್ಟಿಲು. ನಡುರಾತ್ರಿ ಮಳೆಯಲ್ಲಿ ಬಚ್ಚಲಿಗೆ ಹೋಗಬೇಕೆಂದರೆ ಕೊಡೆ ಬಿಚ್ಚಬೇಕು!

ಮೊದಲು ಸಿಟ್ಟೇ ಬರುತ್ತದೆ. ನಮ್ಮ ತೊಟ್ಟಿಮನೆಯಲ್ಲೂ ಮಳೆ ಮನೆಯೊಳಗೇ ಸುರಿಯುತ್ತಿತ್ತು, ಆದರೆ ಸುತ್ತ ಇಳಿಮಾಡಿತ್ತು, ಜಗಲಿಯಿತ್ತು, ನೆನೆಯದೆ ದಾಟಬಹುದಿತ್ತು. ಆ ಕರುಣೆ ಇಲ್ಲಿಲ್ಲ. ಆಮೇಲೆ ನಿವೇಶನದ ಅಳತೆ ಓದುತ್ತೇನೆ: ಸುಮಾರು 57 ಚದರ ಮೀಟರ್, ಅಂದರೆ 600 ಚದರಡಿಗಿಂತ ತುಸು ಹೆಚ್ಚು. ನಮ್ಮ ಟ್ವೆಂಟಿ ಥರ್ಟಿ ಸೈಟು! ಅಕ್ಕಪಕ್ಕದ ಗೋಡೆಗಳಲ್ಲಿ ಕಿಟಕಿಗೆ ಎಡೆಯಿಲ್ಲ. ಮುಂದೆ ಇಕ್ಕಟ್ಟಾದ ಬೀದಿ. ಬೆಳಕು ಬರುವುದಿದ್ದರೆ ಮೇಲಿನಿಂದಲೇ ಬರಬೇಕು. ಅದಕ್ಕೇ ಇದ್ದದ್ದರಲ್ಲಿ ಮೂರನೆಯ ಒಂದು ಪಾಲನ್ನು ಆಕಾಶಕ್ಕೆ ಕೊಟ್ಟರು. ಪ್ರತಿಯೊಂದು ಕೋಣೆಗೂ ಗಾಳಿ, ಬಿಸಿಲು, ಮಳೆಯ ಸದ್ದು ಸಿಕ್ಕಿತು. 1979ರಲ್ಲಿ ಜಪಾನಿನ ವಾಸ್ತುಶಿಲ್ಪ ಸಂಸ್ಥೆಯ ಪ್ರಶಸ್ತಿಯೂ ಬಂತು. ಆದರೂ ಇಳಿಮಾಡು ಬೇಕಿತ್ತೆಂಬ ನನ್ನ ಹಟವನ್ನು ನಾನು ಬಿಡುವುದಿಲ್ಲ.

ಬೆಂಗಳೂರಿನಲ್ಲಿ ಅಣ್ಣನದೂ ಇಂಥದೇ ಸೈಟು. ಮೂರು ಕಡೆ ಆಗಲೇ ಮೂರಂತಸ್ತಿನ ಮನೆಗಳೆದ್ದಿವೆ. ಮೇಸ್ತ್ರಿ ಬರೆಸಿಕೊಟ್ಟ ಪ್ಲಾನಿನಲ್ಲಿ ಕೆಳಗೆ ಪಾರ್ಕಿಂಗ್, ನಡುವೆ ಎರಡು ಬಾಡಿಗೆ ಮನೆ, ತುದಿಯಲ್ಲಿ ಅಣ್ಣ ಅತ್ತಿಗೆ. ಅತ್ತಿಗೆಗೆ ಮಂಡಿನೋವು. ಅವರು ದಿನಾ ತರಕಾರಿಗೆ ಇಳಿದು ಹತ್ತುವುದನ್ನು ಆ ಪ್ಲಾನಿನ ಯಾವ ಗೆರೆಯೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ‘ಅಮ್ಮನ ಕಾಲು ನೋಡಿ ಯಾರೂ ಪ್ಲಾನ್ ಹಾಕಿಲ್ಲ ಅತ್ತೆ’ ಎನ್ನುತ್ತಾಳೆ ಮಗಳು, ಮಳೆಯಲ್ಲೇ ನಿಂತು.

ಟೋಕಿಯೊಗೆ ಬಂದರೆ ಅವಳದು ಆರು ಚಾಪೆಯ ಒಂದೇ ಕೋಣೆ. ಇಲ್ಲಿ ಕೋಣೆಯನ್ನು ಚಾಪೆಯಲ್ಲಿ ಎಣಿಸುತ್ತಾರೆ, ನಮ್ಮ ಹಳ್ಳಿಗಳಲ್ಲಿ ಮನೆಯನ್ನು ಅಂಕಣದಲ್ಲಿ ಎಣಿಸುವ ಹಾಗೆ. ಹಾಸಿಗೆ ಹಗಲಿಡೀ ಗೋಡೆಯ ಬೀರುವಿನಲ್ಲಿ, ರಾತ್ರಿಯಷ್ಟೇ ನೆಲದಲ್ಲಿ. ಬಚ್ಚಲು ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದು. ನೆಲ, ಗೋಡೆ, ತೊಟ್ಟಿ ಎಲ್ಲಕ್ಕೂ ಒಂದೇ ಮೈ. 1964ರ ಒಲಿಂಪಿಕ್ಸ್ ಹೊತ್ತಿಗೆ ಹೊಸ ಹೋಟೆಲೊಂದನ್ನು ಬೇಗ ಮುಗಿಸಬೇಕಾಗಿ ಬಂದು, ಬಚ್ಚಲುಗಳನ್ನು ಕಾರ್ಖಾನೆಯಲ್ಲೇ ಮಾಡಿ ತಂದು ಜೋಡಿಸಿದರು. ಆಮೇಲೆ ಅದೇ ಪದ್ಧತಿ ಮನೆಮನೆಗೂ ಬಂತು. ನನಗೆ ಅಚ್ಚರಿಯೆನಿಸಿದ್ದು ಕಮೋಡಿನ ನೀರಿನ ಟ್ಯಾಂಕು. ಅದರ ನೆತ್ತಿಯೇ ಒಂದು ಪುಟ್ಟ ಬೇಸಿನ್, ಮೇಲೊಂದು ಬಾಗಿದ ನಲ್ಲಿ. ಫ್ಲಶ್ ಮಾಡಿದೊಡನೆ ನಲ್ಲಿಯಲ್ಲಿ ನೀರು ಬರುತ್ತದೆ, ಕೈ ತೊಳೆಯುತ್ತೇವೆ. ತೊಳೆದ ನೀರು ಟ್ಯಾಂಕಿಗಿಳಿದು ಮುಂದಿನ ಸರದಿಗೆ ಕಾಯುತ್ತದೆ. ಬೇಸಿನ್ನಿನ ಜಾಗವೂ ಉಳಿಯಿತು, ನೀರೂ ಉಳಿಯಿತು. ಟ್ಯಾಂಕರ್ ನೀರಿಗೆ ಕಾಯುವ ನಮ್ಮ ಬಡಾವಣೆಗಳಿಗೆ ಇದು ಇನ್ನೂ ಏಕೆ ಬಂದಿಲ್ಲ? ಮೊಣಕೈ ಮಾತ್ರ ದಿನಾ ಬಚ್ಚಲ ಗೋಡೆಗೆ ಬಡಿಯುತ್ತದೆ.

ಅವಳ ಗಲ್ಲಿಯಲ್ಲಿ ನಡೆಯುವಾಗ ಕಣ್ಣು ಸೂರಿನ ಮೇಲೇ ಇರುತ್ತದೆ. ಎಷ್ಟೋ ಮನೆಗಳ ತಲೆಯನ್ನು ಓರೆಯಾಗಿ ಕತ್ತರಿಸಿದ್ದಾರೆ. ಇದು ಸೊಗಸಿಗಲ್ಲ, ಕಾನೂನಿಗೆ. ರಸ್ತೆಯ ಆಚೆ ಅಂಚಿನಿಂದ ಓರೆಗೆರೆಯೊಂದು ಏರುತ್ತದೆಂದು ಭಾವಿಸಿ, ಅದನ್ನು ಮನೆ ದಾಟಬಾರದು. ಬೀದಿಗೆ ಬೆಳಕು ಬೇಕು. ಉತ್ತರದ ನೆರೆಯವನ ಬಿಸಿಲಿಗೂ ಇಂಥದೇ ಗೆರೆಯಿದೆ. ನಿವೇಶನ ರಸ್ತೆಗೆ ಎರಡು ಮೀಟರಾದರೂ ತಾಗಿರಬೇಕು. ಹಾಗಾಗಿ ಆಸ್ತಿ ಪಾಲಾದಾಗಲೆಲ್ಲ ಹಿಂದಿನ ತುಂಡಿಗೆ ಉದ್ದನೆಯ ಕೋಲಿನಂಥ ದಾರಿಯೊಂದನ್ನು ಬಿಡುತ್ತಾರೆ. ಎತ್ತರ 1.4 ಮೀಟರ್ ಮೀರದ ಅಟ್ಟ ಮಹಡಿಯ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಮನೆಮನೆಯಲ್ಲೂ ಅಟ್ಟ. ಕಾನೂನಿನ ಪ್ರತಿ ಗೆರೆಗೂ ಇಲ್ಲಿ ಮನೆಯೊಂದು ಉತ್ತರ ಕೊಟ್ಟಿದೆ. ನಮ್ಮಲ್ಲೂ ಸೆಟ್‌ಬ್ಯಾಕ್ ಎಂಬ ನಿಯಮವಿದೆ. ಅದಕ್ಕೆ ಕಟ್ಟುವವರು ಕೊಡುವ ಉತ್ತರ ಎಲ್ಲರಿಗೂ ಗೊತ್ತಿರುವುದೇ.

ಟೋಕಿಯೊದ ಕೊಗಾನೆಯಿ ಉದ್ಯಾನದೊಳಗಿನ ಬಯಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದ್ದಾರೆ. ಚಪ್ಪಲಿ ಕಳಚಿ ಚೀಲದಲ್ಲಿ ಹಾಕಿಕೊಂಡು ವಾಸ್ತುಶಿಲ್ಪಿ ಕುನಿಯೊ ಮಾಯೆಕಾವಾ ತಮಗಾಗಿ ಕಟ್ಟಿಕೊಂಡ ಮನೆಯನ್ನು ಹೊಗುತ್ತೇವೆ. ಅದು 1942, ಯುದ್ಧಕಾಲ. ನೂರು ಚದರ ಮೀಟರಿಗಿಂತ ದೊಡ್ಡ ಮನೆ ಕಟ್ಟುವಂತಿರಲಿಲ್ಲ, ಸಾಮಾನೂ ಸಿಗುತ್ತಿರಲಿಲ್ಲ. ಪ್ಯಾರಿಸ್ಸಿನಲ್ಲಿ ಲೆ ಕಾರ್ಬೂಸಿಯೆ ಅವರ ಕೈಕೆಳಗೆ ಕಲಿತುಬಂದಿದ್ದ ಮಾಯೆಕಾವಾ ಇದ್ದ ಜಾಗವನ್ನು ಪುಟ್ಟ ಕೋಣೆಗಳಾಗಿ ಹಂಚಲಿಲ್ಲ. ನಡುವೆ ಎರಡಾಳೆತ್ತರಕ್ಕೂ ಮಿಗಿಲಾದ ಒಂದೇ ಹಜಾರ, ದಕ್ಷಿಣಕ್ಕೆ ಸೂರಿನವರೆಗೂ ಗಾಜಿನ ಚೌಕಗಳು. ಮಲಗುವ ಕೋಣೆಗಳು ಎಡಬಲದಲ್ಲಿ ಮುದುಡಿ ಕೂತಿವೆ. ಹಜಾರಕ್ಕೆ ಬರುವ ಅಗಲವಾದ ಬಾಗಿಲು ಅಂಚಿನ ಕೀಲಿನ ಮೇಲಲ್ಲ, ಒಳಬದಿಯ ತಿರುಗುಣಿಯ ಮೇಲೆ ತಿರುಗುತ್ತದೆ. ಒಂದೇ ಬೆರಳಿಗೆ ಸಾಕು. ಮಂದ ಬೆಳಕಿನ ಪ್ರವೇಶದಿಂದ ಈ ಬೆಳಕಿಗೆ ಬರುವಾಗ ಇಬ್ಬರ ಬಾಯಿಂದಲೂ ‘ಅಬ್ಬ’ ಹೊರಡುತ್ತದೆ. ಯುದ್ಧದಲ್ಲಿ ಗಿಂಜಾದ ಕಚೇರಿ ಸುಟ್ಟುಹೋದ ಮೇಲೆ ವರ್ಷಗಟ್ಟಲೆ ಇದೇ ಹಜಾರದಲ್ಲಿ ಡ್ರಾಯಿಂಗ್ ಹಲಗೆಗಳನ್ನು ಹಾಕಿಕೊಂಡು ಕೆಲಸ ನಡೆಸಿದರು. ಮನೆ ಅದಕ್ಕೂ ಒಗ್ಗಿತು.

ಅಲ್ಲಿಂದ ವಾಸ್ತುಶಿಲ್ಪಿ ತಕಮಿತ್ಸು ಅಜುಮಾ ಅವರ ಗೋಪುರ ಮನೆಗೆ. ಗಾಯೆನ್‌ಮಾಯೆ ನಿಲ್ದಾಣದಿಂದ ಕಾಲ್ನಡಿಗೆ. ಒಲಿಂಪಿಕ್ಸಿಗಾಗಿ ರಸ್ತೆ ಮಾಡಿದಾಗ ಅಂಚಿನಲ್ಲೊಂದು ಮುಕ್ಕೋನ ತುಂಡು ಉಳಿಯಿತು, ಸುಮಾರು 20 ಚದರ ಮೀಟರ್. ನಮ್ಮಲ್ಲಾಗಿದ್ದರೆ ಅಲ್ಲಿ ಎಳನೀರು ಗಾಡಿಯೋ ಪಾಲಿಕೆಯ ಫಲಕವೋ ನಿಲ್ಲುತ್ತಿತ್ತು. ಊರಾಚೆ ಹೋಗದೆ ನಗರದ ನಡುವೆಯೇ ಬಾಳಬೇಕೆಂದು ಅಜುಮಾ 1966ರಲ್ಲಿ ಹೆಂಡತಿ, ಮಗಳು, ತಾವು ಮೂವರಿಗಾಗಿ ಅಲ್ಲೇ ಮನೆ ಎಬ್ಬಿಸಿದರು. ನೆಲಮಾಳಿಗೆಯೂ ಸೇರಿ ಆರು ಹಂತ. ಒಂದೊಂದು ಹಂತವೂ ಒಂದೊಂದು ಕೋಣೆ. ಮುಂಬಾಗಿಲು ಬಿಟ್ಟರೆ ಒಳಗೆ ಬಾಗಿಲೇ ಇಲ್ಲ, ಬಚ್ಚಲಿಗೂ! ಮೆಟ್ಟಿಲಿನ ತಿರುವೇ ಮರೆ. ಎಲ್ಲ ಹಂತ ಕೂಡಿಸಿದರೆ 65 ಚದರ ಮೀಟರ್, ಸುಮಾರಾಗಿ ಸುಮಿಯೋಶಿಯ ಮನೆಯಷ್ಟೇ. ಸುತ್ತ ದೊಡ್ಡ ಕಟ್ಟಡಗಳು ಮುತ್ತಿಕೊಂಡಿವೆ, ಒರಟು ಕಾಂಕ್ರೀಟಿನ ಈ ಗೋಪುರ ಎದೆ ಸೆಟೆಸಿ ನಿಂತಿದೆ. ಮೆಚ್ಚಿ ಮೆಚ್ಚಿ ಸಾಕಾಗುವುದಿಲ್ಲ. ಆದರೆ ಮಂಡಿನೋವಿನ ಅತ್ತಿಗೆ ಇಲ್ಲಿ ಒಂದು ವಾರವೂ ಇರಲಾರರು. ಗಟ್ಟಿಮುಟ್ಟಾದ ಕಾಲಿನ ಮೂವರಿಗೆ, ಒಬ್ಬರಿಂದೊಬ್ಬರು ಏನನ್ನೂ ಮುಚ್ಚಿಡದ ಮೂವರಿಗೆ, ಆ ಮೂವರಿಗೇ ಹೊಲಿದ ಅಂಗಿಯಿದು.

ನೋಗಿಜಾಕಾದ ಗ್ಯಾಲರಿ ಮಾ ಇರುವ ಕಟ್ಟಡದಲ್ಲಿ ವಾಸ್ತುಶಿಲ್ಪದ ಪುಸ್ತಕದಂಗಡಿ. ಕಮೋಡು, ನಲ್ಲಿ ಮಾಡುವ ಟೋಟೊ ಕಂಪನಿಯೇ ಅದನ್ನು ನಡೆಸುತ್ತದೆ. ಅಣ್ಣನ ಮಗಳು ಸಂಚಿಕೆಯೊಂದನ್ನು ನನ್ನ ಮುಂದೆ ಬಿಡಿಸಿಡುತ್ತಾಳೆ. ತಕೇಶಿ ಹೊಸಾಕಾ ಟೋಕಿಯೊದಲ್ಲಿ ಕಟ್ಟಿದ ‘ರೂಮ್ ರೂಮ್’ ಎಂಬ ಪುಟ್ಟ ಮನೆ. ಕಿವಿ ಕೇಳದ ದಂಪತಿಗೆ, ಅವರ ಮಕ್ಕಳಿಗೆ. ಮನೆಯನ್ನು ಅಡ್ಡಕ್ಕೆ ಸೀಳಿ ತೋರಿಸುವ ಚಿತ್ರದಲ್ಲಿ ಗೋಡೆ, ನೆಲ, ಸೂರು ಎಲ್ಲೆಂದರಲ್ಲಿ ಗೇಣಗಲದ ಚೌಕ ತೂತುಗಳು. ಏನೋ ಚೆಂದಕ್ಕೆ ಮಾಡಿದ್ದಾರೆಂದುಕೊಂಡು ಪುಟ ಮಗುಚಹೊರಟವಳು ನಿಲ್ಲುತ್ತೇನೆ. ಮೇಲಿನ ಕೋಣೆಯಲ್ಲಿರುವ ಅಮ್ಮನನ್ನು ಕೂಗಿ ಕರೆದರೆ ಕೇಳಿಸದು. ಆದ್ದರಿಂದ ನೆಲದ ತೂತಿನಲ್ಲಿ ಕಣ್ಣಿಟ್ಟು ಕೈಸನ್ನೆಯಲ್ಲಿ ಮಾತು. ಮೇಲಿರುವ ಮಗು ಸಣ್ಣ ಆಟಿಕೆಯೊಂದನ್ನು ತೂತಿನಿಂದ ಕೆಳಗೆ ಬಿಟ್ಟರೆ ಅದೇ ಕರೆ. ಅದೇ ತೂತಿನಿಂದ ಬೆಳಕು, ಅದೇ ತೂತಿನಿಂದ ಗಾಳಿ. ಗಂಟೆಯ ಬದಲು ಮಿನುಗುವ ದೀಪ ಹಾಕಿಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ, ಈ ಮನೆಯವರು ಮಾತನಾಡುವ ರೀತಿಗೇ ಗೋಡೆಗಳನ್ನು ಬಗ್ಗಿಸಿದ್ದಾರೆ. ಈ ಪ್ರವಾಸದಲ್ಲಿ ಕಂಡದ್ದರಲ್ಲೆಲ್ಲ ನನಗೆ ದೊಡ್ಡದೆನಿಸಿದ್ದು, ಒಳಗೆ ಕಾಲಿಡದೆ ಚಿತ್ರದಲ್ಲಷ್ಟೇ ನೋಡಿದ ಈ ಮನೆ.

ರಾತ್ರಿ ಆರು ಚಾಪೆಯ ಮೇಲೆ ಚೌಕುಳಿ ಹಾಳೆ ಹರಡಿ, ಅಣ್ಣ ಅತ್ತಿಗೆಗೆ ವಿಡಿಯೊ ಕಾಲ್. ಕೆಳಗಿನ ಪಾರ್ಕಿಂಗ್ ತೆಗೆದು ಅಲ್ಲೇ ನೀವಿಬ್ಬರು ಇರಿ, ನಡುವೆ ಆರಡಿಗೆ ಎಂಟಡಿ ಬಯಲು ಬಿಡೋಣ ಎನ್ನುತ್ತಾಳೆ ಮಗಳು.

‘ಮಳೆ ಬಂದ್ರೆ?’

‘ಸುತ್ತ ಚಜ್ಜಾ ಹಾಕೋಣ ಅಪ್ಪ. ಅತ್ತೆಯ ಷರತ್ತು ಅದು.’

‘ಬಯಲು ಬಿಟ್ರೆ ಮೇಲಿನ ಎರಡೂ ಮನೇಲಿ ಒಂದೊಂದು ರೂಮ್ ಹೋಗುತ್ತಲ್ಲಮ್ಮ. ಬಾಡಿಗೆ ಕಮ್ಮಿ ಆಗುತ್ತೆ.’

ಅಣ್ಣ ಲೆಕ್ಕ ಹೇಳುತ್ತ ಹೋಗುತ್ತಾನೆ, ಮಗಳು ಮರುಲೆಕ್ಕ ಕೊಡುತ್ತಾಳೆ. ಅಷ್ಟರಲ್ಲಿ ಅತ್ತಿಗೆ ಫೋನನ್ನು ತಮ್ಮ ಕಡೆ ತಿರುಗಿಸಿಕೊಳ್ಳುತ್ತಾರೆ. ‘ನಿಮ್ಮ ಬಯಲು ಎಲ್ಲಾದ್ರೂ ಇರಲಿ. ಬಚ್ಚಲಿಗೆ ಮೆಟ್ಟಿಲು ಬೇಡ, ಹೊಸ್ತಿಲು ಬೇಡ. ಅಡುಗೆ ಕಟ್ಟೆ ನಾನು ಕುರ್ಚಿ ಮೇಲೆ ಕೂತು ಹೆಚ್ಚೋ ಎತ್ತರಕ್ಕಿರಲಿ. ಹೆಚ್ಚುವಾಗ ಬೀದಿ ಕಾಣಬೇಕು. ಅದನ್ನ ಮೊದಲು ಬರ್ಕೊ.’

ಮಗಳು ಬರೆದುಕೊಳ್ಳುತ್ತಾಳೆ. ‘ಅಮ್ಮ, ಈಗ ಕುರ್ಚಿ ಮೇಲೆ ಕೂತು ಹೇಳು, ನೆಲದಿಂದ ಮೊಣಕೈಗೆ ಎಷ್ಟು ಇಂಚು?’ ಅಣ್ಣ ಲೆಕ್ಕ ನಿಲ್ಲಿಸಿ ಟೇಪು ಹುಡುಕಲು ಏಳುತ್ತಾನೆ.